ಬಣ್ಣ ಹೇಳುವುದು ಒಂದು ದಿನದ ಮಾತು

1924ರ ಏಪ್ರಿಲ್ 27ರಂದು ಸಿಸಿಲಿ ದ್ವೀಪದ ಬೆಟ್ಟದ ದಾರಿಗಳಲ್ಲಿ ನಡೆದ ಟಾರ್ಗಾ ಫ್ಲೋರಿಯೊ ಓಟವನ್ನು ಗೆದ್ದದ್ದು ಕ್ರಿಶ್ಚಿಯನ್ ವೆರ್ನರ್ ಓಡಿಸಿದ ಮರ್ಸಿಡಿಸ್. ಕಾರು ಜರ್ಮನಿಯದು, ಚಾಲಕನೂ ಜರ್ಮನಿಯವನೇ, ಮೈಬಣ್ಣ ಮಾತ್ರ ಇಟಲಿಯ ಕೆಂಪು. ಆಗಿನ ಅಂತರರಾಷ್ಟ್ರೀಯ ಓಟಗಳಲ್ಲಿ ದೇಶಕ್ಕೊಂದು ಬಣ್ಣ ಗೊತ್ತಾಗಿತ್ತು. ಜರ್ಮನಿಯ ಪಾಲಿಗೆ ಬಂದದ್ದು ಬಿಳಿ. ಅದನ್ನು ಬಿಟ್ಟು ಕೆಂಪು ಬಳಿಯಲು ಕಾರಣ ರಸ್ತೆಬದಿಯ ಜನ. ಮೊದಲನೆಯ ಮಹಾಯುದ್ಧ ಮುಗಿದು ಇನ್ನೂ ಆರು ವರ್ಷ ತುಂಬಿರಲಿಲ್ಲ. ಬೇಲಿಯಿಲ್ಲದ ಹಳ್ಳಿದಾರಿಯಲ್ಲಿ ಬಿಳಿ ಕಾರು ಬಂದರೆ ನಿನ್ನೆಯ ಶತ್ರುವಿನದೆಂದು ದೂರದಿಂದಲೇ ಗೊತ್ತಾಗಿ ಕಲ್ಲು ಬೀಳಬಹುದೆಂಬ ಅಂಜಿಕೆ ತಂಡಕ್ಕಿತ್ತು. ಕೆಂಪಾಗಿದ್ದರೆ ತಮ್ಮವರ ಕಾರೇ ಎಂದುಕೊಂಡು ಜನ ಸುಮ್ಮನಿರುತ್ತಾರೆ. ಬಣ್ಣ ನೋಡಿ ದೇಶ ಹೇಳುವ ಸೂತ್ರವನ್ನೇ ನಂಬಿ ಆ ಓಟದ ಚರಿತ್ರೆ ಬರೆಯಹೊರಟವರು ಗೆದ್ದ ಕಾರನ್ನು ಇಟಲಿಯದೆಂದೇ ಬರೆದುಬಿಟ್ಟಾರು. ಹಳೆಯ ರೇಸ್ ಕಾರಿನ ಬಣ್ಣ, ಪಟ್ಟಿ, ಸಂಖ್ಯೆಗಳು ಆ ಯಂತ್ರದ ಇಡೀ ಬಾಳಿನ ಬಗ್ಗೆ ಸಾಕ್ಷಿ ನುಡಿಯುವುದಿಲ್ಲ. ಅವು ಹೇಳುವುದು ಒಂದೇ ಒಂದು ದಿನದ ಮಾತನ್ನು. ಆ ದಿನ ಯಾವುದೆಂದು ಬೇರೆ ಆಧಾರಗಳಿಂದ ಖಚಿತವಾಗುವ ತನಕ ಬಣ್ಣವನ್ನು ನಂಬಿ ಏನನ್ನೂ ತೀರ್ಮಾನಿಸಬಾರದು ಎಂಬುದು ನನ್ನ ವಾದ.

ದೇಶಕ್ಕೊಂದು ಬಣ್ಣವೆಂಬ ಪದ್ಧತಿ 1900ರಲ್ಲಿ ಶುರುವಾದ ಗಾರ್ಡನ್ ಬೆನೆಟ್ ಕಪ್ ಓಟಗಳ ಕೊಡುಗೆ. ಫ್ರಾನ್ಸಿಗೆ ನೀಲಿ, ಬೆಲ್ಜಿಯಮ್ಮಿಗೆ ಹಳದಿ, ಜರ್ಮನಿಗೆ ಬಿಳಿ, ಅಮೆರಿಕಕ್ಕೆ ಕೆಂಪು ಎಂದು ಹಂಚಿಕೆಯಾಗಿತ್ತು. ಕೆಂಪು ಇಟಲಿಯ ಪಾಲಾದದ್ದು ಆಮೇಲೆ. 1903ರ ಓಟ ಐರ್ಲೆಂಡಿನಲ್ಲಿ ನಡೆದಾಗ ಬ್ರಿಟನ್ನಿನ ಕಾರುಗಳು ಹಸಿರು ತೊಟ್ಟವು. ಕೇಳಲು ಅಚ್ಚುಕಟ್ಟಾದ ಪದ್ಧತಿ. ಆಚರಣೆಯಲ್ಲಿ ಅದು ಕಾರು ತಯಾರಾದ ಊರಿಗಿಂತ ಓಟಕ್ಕೆ ಹೆಸರು ಕೊಟ್ಟವರ ಮೇಲೆ ನಿಂತಿತ್ತು. ಬೆಲ್ಜಿಯಮ್ಮಿನ ಎಕುರಿ ಫ್ರಾಂಕೋರ್ಶಾಂ ತಂಡದ ಫೆರಾರಿಗಳು ಹಳದಿಯಾಗಿರುತ್ತಿದ್ದವು. ತನ್ನ 250 ಎಲ್‌ಎಂ ಸ್ಪೋರ್ಟ್ಸ್ ಕಾರಿಗೆ ಮಾನ್ಯತೆ ಕೊಡುವ ವಿಷಯದಲ್ಲಿ ಇಟಲಿಯ ಕ್ರೀಡಾಧಿಕಾರಿಗಳೊಂದಿಗೆ ಮುನಿಸಿಕೊಂಡ ಎಂಝೋ ಫೆರಾರಿ 1964ರ ಕೊನೆಯ ಎರಡು ಗ್ರ್ಯಾನ್ ಪ್ರೀ ಓಟಗಳಿಗೆ ತನ್ನ ಕಾರುಗಳನ್ನು ಅಮೆರಿಕದ ತಂಡದ ಹೆಸರಿನಲ್ಲಿ ಬಿಳಿ-ನೀಲಿ ಬಳಿಸಿಯೇ ಕಳಿಸಿದ; ಜಾನ್ ಸರ್ಟೀಸ್ ವಿಶ್ವ ಚಾಂಪಿಯನ್ ಆದದ್ದು ಆ ಬಣ್ಣದ ಕಾರಿನಲ್ಲಿ. 1968ರ ಹೊತ್ತಿಗೆ ಪ್ರಾಯೋಜಕರ ಬಣ್ಣಗಳಿಗೆ ದಾರಿ ತೆರೆಯಿತು. ತಿಳಿನೀಲಿಯ ಮೇಲೆ ಕಿತ್ತಳೆ ಪಟ್ಟಿಯ ಗಲ್ಫ್ ತೈಲ ಕಂಪನಿಯ ಬಣ್ಣವನ್ನು ಮೋಟಾರು ಓಟದ ಆಸಕ್ತಿ ಇಲ್ಲದವರೂ ಇವತ್ತು ಗುರುತಿಸುತ್ತಾರೆ.

ಬಣ್ಣದ ಬಗ್ಗೆ ನಮ್ಮಲ್ಲಿರುವ ಆಧಾರಗಳಲ್ಲಿ ಹೆಚ್ಚಿನವು ಬಣ್ಣವೇ ಇಲ್ಲದ ಫೋಟೊಗಳು ಎಂಬುದು ಈ ಕೆಲಸದ ದೊಡ್ಡ ತೊಡಕು. ಕಪ್ಪು-ಬಿಳುಪು ಚಿತ್ರದಲ್ಲಿ ಛಾಯೆ ನೋಡಿ ಬಣ್ಣ ಊಹಿಸಬಹುದೆಂದು ಹೊರಟವರು ಎಡವುವುದು ಇಲ್ಲೇ. ಹಿಂದೆ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮು ಮತ್ತು ಗಾಜಿನ ಪ್ಲೇಟುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ನೀಲಿ ಬೆಳಕು ಜೋರಾಗಿ ತಾಗುತ್ತಿತ್ತು. ಹಾಗಾಗಿ ಕೆಂಪು ಆಲ್ಫಾ ರೋಮಿಯೊ ಅಂಥ ಚಿತ್ರದಲ್ಲಿ ಕಪ್ಪಿಗೆ ಹತ್ತಿರ ಕಾಣುತ್ತದೆ, ನೀಲಿ ಬುಗಾಟಿ ಹೆಚ್ಚುಕಡಿಮೆ ಬೆಳ್ಳಗೆ ಕಾಣುತ್ತದೆ. ಆಮೇಲೆ ಬಂದ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪೂ ತಾಗುತ್ತದೆ, ಅದರಲ್ಲಿ ಅದೇ ಕೆಂಪು ನಡುಬೂದಿಯ ಛಾಯೆಗೆ ಬರುತ್ತದೆ. ಒಂದೇ ಓಟವನ್ನು ಇಬ್ಬರು ಛಾಯಾಗ್ರಾಹಕರು ಎರಡು ಬಗೆಯ ಫಿಲ್ಮಿನಲ್ಲಿ ತೆಗೆದಿದ್ದರೆ ಒಂದೇ ಕಾರು ಎರಡು ಕಾರಾಗಿ ಕಾಣುತ್ತದೆ. ಆದ್ದರಿಂದ ಬಲ್ಲವರು ಛಾಯೆಯನ್ನು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುತ್ತಾರೆ. ಬಾನೆಟ್ಟಿನ ಗಾಳಿಕಿಂಡಿಗಳು ಎಷ್ಟು ಸಾಲು, ರಿವೆಟ್ಟುಗಳ ನಡುವಿನ ಅಂತರವೆಷ್ಟು, ಪೆಟ್ರೋಲು ಮುಚ್ಚಳ ಯಾವ ಬದಿಗಿದೆ, ಮುಂದಿನ ಮಡ್‌ಗಾರ್ಡಿನ ಅಂಚಿನಲ್ಲಿ ತಗ್ಗು ಬಿದ್ದಿದೆಯೇ ಎಂದು ನೋಡುತ್ತಾರೆ. ಕೈಯಿಂದ ಬಡಿದು ಮಾಡಿದ ಅಲ್ಯೂಮಿನಿಯಂ ಮೈಗಳು ಒಂದರಂತೆ ಇನ್ನೊಂದಿರುವುದಿಲ್ಲ. ಹೊಸ ಬಣ್ಣದಡಿ ಮುಚ್ಚಿಹೋಗುವ ಗುರುತುಗಳಲ್ಲ ಇವು.

ಸಂಖ್ಯೆಯಾದರೂ ನಂಬಿಕಸ್ಥ ಸಾಕ್ಷಿ ತಾನೇ ಎಂದು ಕೇಳಬಹುದು. ಮಿಲ್ಲೆ ಮಿಲ್ಯಾ ಓಟದ ಮಟ್ಟಿಗೆ ಈ ಪ್ರಶ್ನೆಯಲ್ಲಿ ತಿರುಳಿದೆ. 1927ರಿಂದ 1957ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಬ್ರೇಷಾದಿಂದ ರೋಮಿಗೆ ಹೋಗಿ ಮರಳುವ ಸುಮಾರು 1600 ಕಿಲೋಮೀಟರ್ ಸಾರ್ವಜನಿಕ ರಸ್ತೆಯಲ್ಲಿ ಅದು ನಡೆಯಿತು. ಕಾರುಗಳು ಒಂದೊಂದಾಗಿ ಹೊರಡುತ್ತಿದ್ದವು, 1949ರಿಂದ ಹೊರಟ ಗಳಿಗೆಯೇ ಕಾರಿನ ಸಂಖ್ಯೆಯಾಗುತ್ತಿತ್ತು. 1955ರ ಮೇ 1ರಂದು ಸ್ಟರ್ಲಿಂಗ್ ಮಾಸ್ ಮತ್ತು ಡೆನಿಸ್ ಜೆಂಕಿನ್ಸನ್ ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟರು. ಅವರ ಬೆಳ್ಳಿಬಣ್ಣದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಮೇಲೆ ಕೆಂಪು ಅಂಕಿಗಳಲ್ಲಿ 722 ಎಂದಿತ್ತು. ಆರು ನಿಮಿಷ ಹಿಂದೆ ಪಿಯೆರೊ ತರುಫ್ಫಿಯ ಫೆರಾರಿ, ಸಂಖ್ಯೆ 728. ರಸ್ತೆಬದಿಯಲ್ಲಿ ಗಡಿಯಾರ ಹಿಡಿದು ನಿಂತವನಿಗೆ ಯಾರು ಮುಂದಿದ್ದಾರೆಂದು ತಾನೇ ಲೆಕ್ಕ ಹಾಕಲು ಬರುತ್ತಿತ್ತು. ಮಾಸ್ 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಗೆದ್ದ ವಿವರ ನಮಗೆ ಇಷ್ಟು ನಿಖರವಾಗಿ ಸಿಕ್ಕಿರುವುದಕ್ಕೆ ಇನ್ನೊಂದು ಕಾರಣ ಜೆಂಕಿನ್ಸನ್. ದಾರಿಯ ಪ್ರತಿ ತಿರುವನ್ನೂ ಹಲವು ಮೀಟರ್ ಉದ್ದದ ಕಾಗದದ ಸುರುಳಿಯಲ್ಲಿ ಬರೆದುಕೊಂಡು ಕೈಸನ್ನೆಯಿಂದ ಚಾಲಕನಿಗೆ ತಿಳಿಸುತ್ತಿದ್ದ ಆತ ಪತ್ರಕರ್ತ. ನೆನಪು ಹಸಿಯಾಗಿದ್ದಾಗಲೇ ಮುಂದಿನ ತಿಂಗಳ ಮೋಟಾರ್ ಸ್ಪೋರ್ಟ್ ಪತ್ರಿಕೆಗೆ ಎಲ್ಲವನ್ನೂ ಬರೆದ. ಇಷ್ಟಾದರೂ ಸಂಖ್ಯೆ ಹೇಳುವುದು ಗಳಿಗೆಯನ್ನು, ವರ್ಷವನ್ನಲ್ಲ. ಒಂದೇ ಸಂಖ್ಯೆ ಬೇರೆ ವರ್ಷ ಬೇರೆ ಕಾರಿನ ಮೇಲೆ ಬರಬಹುದು, ಯಾರು ಬೇಕಾದರೂ ನಾಳೆ ತಮ್ಮ ಕಾರಿನ ಮೇಲೆ ಅದನ್ನು ಬರೆಸಿಕೊಳ್ಳಲೂಬಹುದು.

ಅದೇ 300 ಎಸ್‌ಎಲ್‌ಆರ್ ಬೆಳ್ಳಿಬಣ್ಣದ್ದೇಕೆ ಎಂದು ಕೇಳಿದರೆ ಮೋಟಾರು ಚರಿತ್ರೆಯ ಅತ್ಯಂತ ಜನಪ್ರಿಯ ಕಥೆಯೊಂದು ಉತ್ತರವಾಗಿ ಬರುತ್ತದೆ. 1934ರಲ್ಲಿ ಗ್ರ್ಯಾನ್ ಪ್ರೀ ಕಾರಿನ ತೂಕ 750 ಕಿಲೋ ಮೀರಬಾರದೆಂದು ನಿಯಮ ಬಂತು. ಜೂನ್ 3ರ ಐಫೆಲ್ ಓಟದ ಹಿಂದಿನ ದಿನ ತೂಗಿದಾಗ ಮರ್ಸಿಡಿಸ್ ಡಬ್ಲ್ಯು 25 ಒಂದು ಕಿಲೋ ಜಾಸ್ತಿ ಬಂತು. ಮೆಕ್ಯಾನಿಕ್ಕುಗಳು ರಾತ್ರಿಯಿಡೀ ಬಿಳಿ ಬಣ್ಣ ಕೆರೆದು ಅಲ್ಯೂಮಿನಿಯಂ ಹೊಳೆಯುವಂತೆ ಮಾಡಿದರು. ಮರುದಿನ ಮಾನ್‌ಫ್ರೆಡ್ ಫಾನ್ ಬ್ರೌಖಿಚ್ ಗೆದ್ದ. ಬೆಳ್ಳಿ ಬಾಣಗಳ ಯುಗ ಹುಟ್ಟಿತು. ಹೇಳಿದವರು ತಂಡದ ಮ್ಯಾನೇಜರ್ ಆಲ್ಫ್ರೆಡ್ ನಾಯ್‌ಬಾವರ್, ತಮ್ಮ 1958ರ ನೆನಪುಗಳಲ್ಲಿ. ಫಾನ್ ಬ್ರೌಖಿಚ್ ಕೂಡ ಇದೇ ಕಥೆ ಹೇಳಿದ್ದುಂಟು. ಕಣ್ಣಾರೆ ಕಂಡವರ ಮಾತನ್ನು ಆ ಜಾಗದಲ್ಲಿ ಇಲ್ಲದ ನಾವು ಅಲ್ಲಗಳೆಯಬಹುದೇ ಎಂಬ ಆಕ್ಷೇಪ ಸಹಜ, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಆ ವರ್ಷದ ಐಫೆಲ್ ಓಟ ನಡೆದದ್ದು ತೂಕದ ಮಿತಿಯಿಲ್ಲದ ಮುಕ್ತ ನಿಯಮದಲ್ಲಿ ಎಂಬುದನ್ನು ಸಂಶೋಧಕರು ಎತ್ತಿ ತೋರಿಸಿದ್ದಾರೆ. ಮಿತಿಯೇ ಇಲ್ಲದಿದ್ದರೆ ಬಣ್ಣ ಕೆರೆಯಬೇಕಾದ ಗರಜೇನು? ಇದೇ ಫಾನ್ ಬ್ರೌಖಿಚ್ 1932ರಲ್ಲೇ ಬರ್ಲಿನ್ನಿನ ಆವುಸ್ ಓಟ ಗೆದ್ದದ್ದು ಬೆಳ್ಳಿಬಣ್ಣದ ಮರ್ಸಿಡಿಸ್ಸಿನಲ್ಲಿ; ಎದುರಾಳಿ ಆಟೊ ಯೂನಿಯನ್ ಕಾರುಗಳೂ ಮೊದಲಿನಿಂದ ಬೆಳ್ಳಿಯವೇ. ನಾಯ್‌ಬಾವರ್ ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. 1924ರಲ್ಲಿ ಸಿಸಿಲಿಯ ಆ ಕೆಂಪು ಮರ್ಸಿಡಿಸ್‌ಗಳಲ್ಲಿ ಒಂದನ್ನು ಓಡಿಸಿದವರೂ ಅವರೇ. ಬಣ್ಣ ಬದಲಾಯಿಸುವ ತಂತ್ರ ಅವರಿಗೆ ಹೊಸದಾಗಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಹಳೆಯದಾದ ನೆನಪು ಹಲವು ದಿನಗಳನ್ನು ಒಂದು ರಾತ್ರಿಗೆ ಕೂಡಿಸಿಬಿಡಬಲ್ಲದು. ಒಂದು ತಿಂಗಳೊಳಗೆ ಬರೆದ ಜೆಂಕಿನ್ಸನ್ನನ ವರದಿಗೂ ಈ ಕಥೆಗೂ ಸಮ ತೂಕ ಕೊಡಲು ಬರುವುದಿಲ್ಲ.

ಇನ್ನುಳಿದದ್ದು ಚಾಸಿಸ್ ನಂಬರು. ಆರ್‌ಸಿ ಪುಸ್ತಕ ನೋಡಿ ಬೆಳೆದ ನಮಗೆ ಅದು ಅಂತಿಮ ಮಾತು ಎನಿಸುತ್ತದೆ. ಆದರೆ ಗಡಿ ದಾಟುವಾಗ ಸುಂಕದ ಕಾಗದದಲ್ಲಿರುವ ನಂಬರೇ ಕಾರಿನ ಮೇಲೂ ಇರಬೇಕಾಗಿತ್ತು. ಹಳೆಯ ಕಾರು ಜಖಂಗೊಂಡರೆ ಅದರ ತಗಡನ್ನು ಕಿತ್ತು ಹೊಸದಕ್ಕೆ ಬಡಿದು ಕಳಿಸಿದ ರೇಸ್ ತಂಡಗಳು ಹಲವು. ಶಾಸನತಜ್ಞರು ತಾಮ್ರಪಟದಲ್ಲಿ ಕೊರೆದ ಕಾಲವನ್ನು ಅಕ್ಷರದ ಸ್ವರೂಪದೊಂದಿಗೆ ತಾಳೆ ನೋಡದೆ ಒಪ್ಪುವುದಿಲ್ಲವಲ್ಲ, ಈ ತಗಡನ್ನೂ ಹಾಗೆಯೇ ಪರೀಕ್ಷಿಸಬೇಕು. ಮೋಸವಿಲ್ಲದೆಯೂ ಒಂದೇ ಚೌಕಟ್ಟು ಹಲವು ಹೆಸರು ಹೊತ್ತಿರಬಹುದು. 1967ರಲ್ಲಿ ಬೆಲ್ಜಿಯಮ್ಮಿನ ಸ್ಪಾ ಓಟ ಗೆದ್ದ ಮಿರಾಜ್ ಎಂ.10003 ಮರುವರ್ಷ ಫೋರ್ಡ್ ಜಿಟಿ40 ಪಿ/1074 ಆಗಿ ಮಾನ್ಜಾ ಗೆದ್ದಿತು. ಆಮೇಲೆ ಸ್ಟೀವ್ ಮೆಕ್ವೀನ್ ನಟಿಸಿದ ಲೆ ಮಾನ್ ಸಿನಿಮಾದ ಕ್ಯಾಮೆರಾ ಹೊರಲು ಅದರ ಛಾವಣಿಯನ್ನೇ ಕತ್ತರಿಸಿದರು. ಛಾವಣಿ ಮರಳಿ ಕೂತ ಆ ಕಾರು 2012ರಲ್ಲಿ 1 ಕೋಟಿ 10 ಲಕ್ಷ ಡಾಲರಿಗೆ ಹರಾಜಾಯಿತು. ಅದರ ನಿಜರೂಪ ಯಾವುದೆಂದು ಕೇಳಿದರೆ ಯಾವ ದಿನದ್ದು ಎಂದು ತಿರುಗಿ ಕೇಳದೆ ಉತ್ತರಿಸಲು ಸಾಧ್ಯವಿಲ್ಲ.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ ಓಟ ಗೆದ್ದ ಬೆಂಟ್ಲಿಯನ್ನು ಓಲ್ಡ್ ನಂಬರ್ ಒನ್ ಎಂದು ಕರೆಯುತ್ತಾರೆ. ಅದರ ಮಾರಾಟದ ಒಪ್ಪಂದದಿಂದ ಹಿಂದೆ ಸರಿದ ಕೊಳ್ಳುಗರು, ಇದು ಅಸಲಿ ಕಾರೇ ಅಲ್ಲವೆಂದು ವಾದಿಸಿದರು. ಬೆಲೆ 1 ಕೋಟಿ ಪೌಂಡು. 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಟನ್ ಬಿಡಿಭಾಗಗಳ ಲೆಕ್ಕವನ್ನೇ ತೆಗೆದರು. 1929ರ ಕಾರಿನದು ಹೆಚ್ಚೇನೂ ಉಳಿದಿರಲಿಲ್ಲ, 1930ರದು ಗೇರ್‌ಬಾಕ್ಸಿನ ಕವಚದಂಥ ಕೆಲವೇ ಭಾಗ, ಬಹುಪಾಲು 1932ರದು. ಆದರೂ ಎಂದೂ ತುಂಡಾಗದೆ ಬಂದ ಚರಿತ್ರೆ ಅದಕ್ಕಿರುವುದರಿಂದ ಅದು ಓಲ್ಡ್ ನಂಬರ್ ಒನ್ ಹೌದು ಎಂದು ತೀರ್ಪಿತ್ತರು. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಪು: ಕಾರಿನ ಅಸ್ತಿತ್ವ ಅದರ ದಿನಗಳ ಸರಪಳಿಯಲ್ಲಿದೆ, ಯಾವುದೋ ಒಂದು ದಿನದ ಲೋಹದಲ್ಲಾಗಲಿ ಬಣ್ಣದಲ್ಲಾಗಲಿ ಇಲ್ಲ.

ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ಲವೇ, ಗೆದ್ದ ದಿನದ ಬಣ್ಣ ಬಳಿದು ಜನರಿಗೆ ತೋರಿಸಿದರೆ ತಪ್ಪೇನು ಎಂದು ಸಂಗ್ರಾಹಕರು ಕೇಳುತ್ತಾರೆ. ಹೇಗೂ ತಂಡಗಳೇ ಓಟದಿಂದ ಓಟಕ್ಕೆ ಬಳಿಯುತ್ತಿದ್ದವು, ಮೂಲ ಬಣ್ಣ ಎಂಬುದೇ ಇಲ್ಲ ಎಂಬುದು ಅವರ ವಾದ. ಪದೇಪದೇ ಬಳಿದದ್ದು ನಿಜ, ಮತ್ತು ಕೆರೆಯಬಾರದೆಂದು ನಾನು ಹೇಳುವುದೂ ಅದೇ ಕಾರಣಕ್ಕೆ. ಬಾಗಿಲಿನ ಒಳ ಅಂಚಿನಲ್ಲೋ ಡ್ಯಾಶ್‌ಬೋರ್ಡಿನ ಅಡಿಯಲ್ಲೋ ನಾಣ್ಯದಷ್ಟು ಜಾಗವನ್ನು ನಯವಾದ ಉಜ್ಜುಕಾಗದದಿಂದ ಇಳಿಜಾರಾಗಿ ಉಜ್ಜಿದರೆ ಬಣ್ಣದ ಪದರುಗಳು ಒಂದರ ಸುತ್ತ ಒಂದು ಉಂಗುರವಾಗಿ ಕಾಣುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅಲ್ಲೇ ಸಿಗುತ್ತದೆ. ಫೋಟೊ ಮತ್ತು ಓಟದ ಪ್ರವೇಶಪಟ್ಟಿಗಳೊಂದಿಗೆ ಹೊಂದಿಸಿದರೆ ಪ್ರತಿ ಪದರಕ್ಕೂ ಒಂದು ತಾರೀಖು ದೊರೆತೀತು. ಗೆದ್ದ ದಿನವನ್ನು ಮೆರೆಸಲೆಂದು ಲೋಹ ಕಾಣುವ ತನಕ ಕೆರೆದರೆ ಉಳಿದ ದಿನಗಳೆಲ್ಲ ಹೋದವು, ಆ ಗೆದ್ದ ದಿನವೂ ಹೋಯಿತು, ಏಕೆಂದರೆ ಬಳಿದದ್ದು ಈಗಿನ ಬಣ್ಣ.

ಇದೆಲ್ಲ ಯುರೋಪಿನ ಕೋಟಿ ಬೆಲೆಯ ಕಾರುಗಳಿಗಷ್ಟೇ ಸೇರಿದ ಮಾತಲ್ಲ. ಬೆಂಗಳೂರಿನವರೂ ಮದ್ರಾಸಿನ ಬಳಿಯ ಶೋಳಾವರಂ ಏರ್‌ಸ್ಟ್ರಿಪ್ಪಿನ ಓಟಗಳಿಗೆ ಹೋಗುತ್ತಿದ್ದರು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ನಮ್ಮ ಮಣ್ಣಿನ ರಸ್ತೆಗಳಲ್ಲೇ ನಡೆಯಿತು. ಅಂಥ ಒಂದು ಫೋಟೊ ನಿಮ್ಮ ಮನೆಯ ಆಲ್ಬಮ್ಮಿನಲ್ಲಿದ್ದರೆ, ಅದನ್ನು ತೆಗೆದವರು ಬದುಕಿರುವಾಗಲೇ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಖು, ಊರು, ಚಾಲಕನ ಹೆಸರು, ಕಾರಿನ ಬಣ್ಣ ಇಷ್ಟನ್ನು ಬರೆದಿಡಿ.