ಓದಿದ್ದು ಉಳಿಯುವುದು ಹೇಗೆ: ಪರೀಕ್ಷೆಯ ಓದಿನ ವಿಜ್ಞಾನ ನಡೆದುಬಂದ ದಾರಿ

ಪರೀಕ್ಷೆಗೆ ಹೇಗೆ ಓದಬೇಕು ಎಂದು ಹೇಳಿಕೊಡಲು ನಮ್ಮಲ್ಲಿ ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಏಳು, ಗಟ್ಟಿಯಾಗಿ ಓದು, ಹತ್ತು ಸಲ ಬರೆ, ಮುಖ್ಯವಾದ ಸಾಲುಗಳಿಗೆ ಗೆರೆ ಎಳೆ ಎಂದು ಅಪ್ಪ, ಸೋದರಮಾವ, ಟ್ಯೂಷನ್ ಮೇಷ್ಟ್ರು, ಪಕ್ಕದ ಮನೆಯ ಪಿಯುಸಿ ಹುಡುಗ ಎಲ್ಲರೂ ಹೇಳುವವರೇ. ಇವುಗಳಲ್ಲಿ ಯಾವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ ಎಂದು ಅಳೆದು ನೋಡುವ ಕೆಲಸ ಶುರುವಾಗಿ ಸುಮಾರು 140 ವರ್ಷಗಳಾದವು. ಅದರ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಮುಖ್ಯ ಉತ್ತರ ಬಹಳ ಬೇಗ ಸಿಕ್ಕಿತು. ಆದರೆ ಅದು ಓದುವವರ ಸ್ವಂತ ಅನುಭವಕ್ಕೆ ತದ್ವಿರುದ್ಧವಾಗಿದ್ದರಿಂದ ಪ್ರತಿ ತಲೆಮಾರೂ ಅದನ್ನು ಮರೆತು, ಮತ್ತೆ ಹೊಸದಾಗಿ ಕಂಡುಹಿಡಿಯಬೇಕಾಯಿತು.

ಆರಂಭಿಸಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವರ ಪ್ರಯೋಗಕ್ಕೆ ಒಳಗಾದದ್ದು ಒಬ್ಬನೇ ವ್ಯಕ್ತಿ, ಸ್ವತಃ ಅವರೇ. ಅರ್ಥವಿರುವ ಪದಗಳನ್ನು ತೆಗೆದುಕೊಂಡರೆ ಹಳೆಯ ನೆನಪುಗಳು ನಡುವೆ ನುಸುಳುತ್ತವೆ ಎಂದು, ಎರಡು ವ್ಯಂಜನಗಳ ನಡುವೆ ಒಂದು ಸ್ವರವಿಟ್ಟು ಅರ್ಥವಿಲ್ಲದ ಸುಮಾರು 2,300 ಅಕ್ಷರಗುಚ್ಛಗಳನ್ನು ಕಟ್ಟಿಕೊಂಡರು. ಗಡಿಯಾರದ ಟಿಕ್‌ಟಿಕ್‌ಗೆ ಸರಿಯಾಗಿ, ನಿಮಿಷಕ್ಕೆ 150ರ ವೇಗದಲ್ಲಿ, ತಪ್ಪಿಲ್ಲದೆ ಹೇಳಲು ಬರುವವರೆಗೂ ಅವನ್ನು ಓದುತ್ತಿದ್ದರು. ಕೆಲವು ಹೊತ್ತು ಬಿಟ್ಟು ಅದೇ ಸಾಲನ್ನು ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಸಮಯ ಉಳಿಯಿತು ಎಂದು ಲೆಕ್ಕ ಹಾಕಿದರು. 1885ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 20 ನಿಮಿಷದ ನಂತರದ ಉಳಿತಾಯ ಶೇ. 58, ಒಂದು ದಿನದ ನಂತರ ಶೇ. 34ರ ಆಸುಪಾಸು, ತಿಂಗಳ ನಂತರ ಶೇ. 21. ಮರೆವು ಮೊದಲು ಧಡಕ್ಕನೆ ಇಳಿದು, ಆಮೇಲೆ ನಿಧಾನವಾಗುತ್ತದೆ.

ಈ ಅಂಕಿಗಳು ಇಂದು ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಬೇಕಾಬಿಟ್ಟಿ ಬಳಕೆಯಾಗುತ್ತಿವೆ. ‘ಓದಿದ್ದರಲ್ಲಿ ಮುಕ್ಕಾಲು ಪಾಲು ಮರುದಿನಕ್ಕೇ ಮರೆತುಹೋಗುತ್ತದೆ’ ಎಂದು ಭಾಷಣಕಾರರು ಹೆದರಿಸುತ್ತಾರೆ. ಎಬ್ಬಿಂಗ್‌ಹೌಸ್ ಅಳೆದದ್ದು ಅರ್ಥವಿಲ್ಲದ ಗುಚ್ಛಗಳನ್ನು, ಅದೂ ಒಬ್ಬನೇ ಮನುಷ್ಯನಲ್ಲಿ. ಅರ್ಥವಾದ ಪಾಠ ಹಾಗೆ ಕರಗುವುದಿಲ್ಲ. ಅವರ ಪುಸ್ತಕದಲ್ಲಿ ವಿದ್ಯಾರ್ಥಿಗೆ ಹೆಚ್ಚು ಬೇಕಾದ ಮಾತು ಬೇರೆಯದೇ ಇತ್ತು. ಹನ್ನೆರಡು ಗುಚ್ಛಗಳ ಸಾಲನ್ನು ಒಂದೇ ದಿನ 68 ಸಲ ಹೇಳಿದಾಗ ಸಿಕ್ಕಷ್ಟೇ ಫಲ, ಮೂರು ದಿನಗಳಿಗೆ ಹಂಚಿ 38 ಸಲ ಹೇಳಿದಾಗಲೂ ಸಿಕ್ಕಿತು. ಬಿಡುವು ಕೊಟ್ಟು ಓದಿದರೆ ದುಡಿಮೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಆಗಲೇ ಗೊತ್ತಾಗಿತ್ತು.

ಎರಡನೆಯ ಸುಳಿವು ಶಾಲೆಯೊಳಗಿಂದಲೇ ಬಂತು. 1917ರಲ್ಲಿ ಅಮೆರಿಕದ ಆರ್ಥರ್ ಗೇಟ್ಸ್ ಶಾಲಾ ಮಕ್ಕಳಿಗೆ ಕಂಠಪಾಠದ ಕೆಲಸ ಕೊಟ್ಟರು. ಕೆಲವರು ಇದ್ದ ಸಮಯವನ್ನೆಲ್ಲ ಓದುವುದಕ್ಕೇ ಬಳಸಿದರು, ಉಳಿದವರು ಒಂದಷ್ಟು ಓದಿ ಮಿಕ್ಕ ಹೊತ್ತಿನಲ್ಲಿ ಹಾಳೆಯಿಂದ ಕಣ್ಣು ತೆಗೆದು ಹೇಳಿಕೊಂಡರು. ಹೇಳಿಕೊಳ್ಳಲು ಅರ್ಧಕ್ಕಿಂತ ಹೆಚ್ಚು ಸಮಯ ಕೊಟ್ಟವರೇ ಮುಂದಿದ್ದರು. 1939ರಲ್ಲಿ ಹರ್ಬರ್ಟ್ ಸ್ಪಿಟ್ಜರ್ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದರು. ಅಯೋವಾ ರಾಜ್ಯದ 91 ಶಾಲೆಗಳ 3,605 ಆರನೆಯ ತರಗತಿ ಮಕ್ಕಳಿಗೆ ಒಂದು ಲೇಖನ ಓದಿಸಿ, ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ದಿನ ಕಿರು ಪರೀಕ್ಷೆ ಇಟ್ಟರು. ಓದಿದ ಕೂಡಲೇ ಪ್ರಶ್ನೆಗಳಿಗೆ ಉತ್ತರಿಸಿದ ಮಕ್ಕಳಲ್ಲಿ ವಿಷಯ ವಾರಗಟ್ಟಲೆ ಉಳಿಯಿತು. ಮೊದಲ ಪರೀಕ್ಷೆ ತಡವಾದಷ್ಟೂ ಕೈಗೆ ಸಿಗುವುದು ಕಡಿಮೆಯಾಗುತ್ತ ಹೋಯಿತು. ಪರೀಕ್ಷೆ ಎಂದರೆ ಕಲಿತದ್ದನ್ನು ಅಳೆಯುವ ಮಾಪನವಷ್ಟೇ ಅಲ್ಲ, ಅದೇ ಕಲಿಸುತ್ತದೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿರಲಿಲ್ಲ. ಆದರೂ ಅದು ನಿಯತಕಾಲಿಕೆಯ ಪುಟಗಳಲ್ಲೇ ದಶಕಗಟ್ಟಲೆ ಧೂಳು ತಿಂದಿತು.

ನಮ್ಮ ಕೂಲಿಮಠಗಳ ಐಗಳು ಇದನ್ನು ಅಳೆದಿರಲಿಲ್ಲ, ಆದರೆ ಮಾಡಿಸುತ್ತಿದ್ದರು. ಮರಳಿನ ಮೇಲೆ ತಿದ್ದಿದ ಅಕ್ಷರವನ್ನು ಅಳಿಸಿ ಮತ್ತೆ ಬರೆಯಬೇಕು. ಸಂಜೆ ಸಾಲಾಗಿ ನಿಂತು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಒಪ್ಪಿಸಬೇಕು. ವೇದಪಾಠಶಾಲೆಗಳ ಘನಪಾಠದಲ್ಲಿ ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು ಎಂದು ಹಿಂದುಮುಂದಾಗಿ ಹೆಣೆದು ಹೇಳುವಾಗ ತಪ್ಪು ಅಡಗಿ ಕೂರಲು ಜಾಗವೇ ಇರುವುದಿಲ್ಲ. ಇವೆಲ್ಲ ಅರ್ಥ ಕಲಿಸಿದವೇ ಎಂದು ಕೇಳಿದರೆ ಉತ್ತರ ಅಷ್ಟು ಹಿತವಾಗಿರದು. ಬೆತ್ತದ ಪಾತ್ರವನ್ನಂತೂ ಮರೆಯುವಂತಿಲ್ಲ. ಆಧುನಿಕ ಶಾಲೆ ಬಾಯಿಪಾಠವನ್ನು ಟೀಕಿಸುತ್ತಲೇ ಬಂತು, ಟೀಕೆಯಲ್ಲಿ ಹುರುಳೂ ಇತ್ತು. ಆದರೆ ನನಗನಿಸುವಂತೆ ನಾವು ಕೈಬಿಟ್ಟದ್ದು ದಿನವೂ ಮೇಷ್ಟ್ರ ಮುಂದೆ ನಿಂತು ಪಾಠ ಒಪ್ಪಿಸುವುದನ್ನು. ಅರ್ಥವಾಗದೆ ಉರು ಹೊಡೆಯುವುದು ಮಾತ್ರ ಗೈಡು, ಡೈಜೆಸ್ಟುಗಳ ರೂಪದಲ್ಲಿ ಹಾಗೇ ಉಳಿದುಕೊಂಡಿತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ‘ಓದುವ ಕೌಶಲ’ ಎಂಬುದು ಅಮೆರಿಕದ ಕಾಲೇಜುಗಳಲ್ಲಿ ಒಂದು ವಿಷಯವೇ ಆಗಿಬಿಟ್ಟಿತು. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲಿ ಕೊಟ್ಟ ‘ಎಸ್‌ಕ್ಯೂ3ಆರ್’ ಸೂತ್ರ ಜಗತ್ತನ್ನೆಲ್ಲ ಸುತ್ತಿತು. ಮೊದಲು ಪಾಠದ ಮೇಲೆ ಕಣ್ಣಾಡಿಸು, ಪ್ರಶ್ನೆ ಹಾಕಿಕೊ, ಓದು, ನೋಡದೆ ಹೇಳು, ಮತ್ತೆ ತಿರುವಿ ಹಾಕು ಎಂಬ ಐದು ಹೆಜ್ಜೆ. ನಮ್ಮ ಶಿಕ್ಷಕ ತರಬೇತಿಯ ಪುಸ್ತಕಗಳಿಗೂ ಅದು ಬಂತು. ನಾಲ್ಕನೆಯ ಹೆಜ್ಜೆಯೇ ಅದರ ಜೀವ. ವಿದ್ಯಾರ್ಥಿಗಳು ಹಾರಿಸುವುದೂ ಅದನ್ನೇ.

ಓದುವುದು ಹೇಗೆ ಎಂಬುದನ್ನು ಕೊನೆಗೂ ತೀರ್ಮಾನಿಸುವುದು ಪ್ರಶ್ನೆಪತ್ರಿಕೆ. ಭಾರತದಲ್ಲಿ ಈ ಎಳೆ ಬೇರೆಯಾಗಿಯೇ ಬೆಳೆಯಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಸ್ಥಾಪನೆಯಾದ ಮೇಲೆ ಮೆಟ್ರಿಕ್ಯುಲೇಷನ್ ಎಂಬ ಹೊರಗಿನ ಪರೀಕ್ಷೆ ಶಾಲೆಯ ಯಜಮಾನನಾಯಿತು. 1948–49ರ ರಾಧಾಕೃಷ್ಣನ್ ಆಯೋಗ, ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಸೂಚಿಸುವುದಾದರೆ ಅದು ಪರೀಕ್ಷೆಯದ್ದಾಗಿರಬೇಕು ಎಂದಿತು. 1957ರಲ್ಲಿ ಷಿಕಾಗೋದ ಬೆಂಜಮಿನ್ ಬ್ಲೂಮ್ ಇಲ್ಲಿಗೆ ಬಂದು ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳನ್ನು ನಡೆಸಿದರು. ಜ್ಞಾನ, ಗ್ರಹಿಕೆ, ಅನ್ವಯ ಎಂದು ಕಲಿಕೆಯನ್ನು ಮೆಟ್ಟಿಲು ಮಾಡಿದ್ದ ಅವರ ವರ್ಗೀಕರಣ ಅದಕ್ಕೆ ಒಂದು ವರ್ಷ ಮೊದಲು ಹೊರಬಂದಿತ್ತು. ಇಂದಿಗೂ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಆ ಮೆಟ್ಟಿಲುಗಳಿಗೆ ಅಂಕ ಹಂಚಿಕೆಯಾಗುತ್ತದೆ. ಆದರೆ ನೀಲನಕ್ಷೆ ಮುಂಚೆಯೇ ಕೈಗೆ ಸಿಕ್ಕಿದರೆ ಅದೂ ಅಡ್ಡದಾರಿಯೇ ಆಗುತ್ತದೆ. ಯಾವ ಪಾಠಕ್ಕೆ ಎಷ್ಟು ಅಂಕ ಎಂದು ನೋಡಿ, ಯಾವ ಪಾಠ ಬಿಡಬಹುದು ಎಂದು ಲೆಕ್ಕ ಹಾಕುವ ‘ಪಾಸಿಂಗ್ ಪ್ಯಾಕೇಜ್’ ಹುಟ್ಟಿದ್ದು ಹಾಗೆ. 2021ರ ಜುಲೈನಲ್ಲಿ ಕೋವಿಡ್‌ನಿಂದಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನಕ್ಕೆ ಇಳಿದು, ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳಾದಾಗ, ಪುಟಗಟ್ಟಲೆ ಉತ್ತರ ಬರೆದು ಪಳಗಿದ್ದ ಮಕ್ಕಳು ಒಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದನ್ನು ಅಭ್ಯಾಸ ಮಾಡಬೇಕಾಯಿತು.

ಪ್ರಯೋಗಾಲಯದ ಕಡೆ ಹೋದರೆ, ಹಳೆಯ ಉತ್ತರಕ್ಕೆ ಮತ್ತೆ ಜೀವ ಬಂದದ್ದು 2006ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ನಡೆಸಿದ ಆ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪಿಗೆ ಅದನ್ನು ನಾಲ್ಕು ಅವಧಿ ಓದುವ ಅವಕಾಶ. ಅವರು ಸರಾಸರಿ 14 ಸಲ ಓದಿ ಮುಗಿಸಿದರು. ಇನ್ನೊಂದು ಗುಂಪು ಒಂದೇ ಅವಧಿ ಓದಿತು, ಸರಾಸರಿ 3.4 ಸಲ. ಉಳಿದ ಮೂರು ಅವಧಿಗಳಲ್ಲಿ ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆಯಿತು. ಬರೆದದ್ದು ಸರಿಯೋ ತಪ್ಪೋ ಎಂದು ಯಾರೂ ಹೇಳಲಿಲ್ಲ. ಐದು ನಿಮಿಷದ ನಂತರ ಪರೀಕ್ಷೆ ಇಟ್ಟಾಗ ಓದಿದವರಿಗೆ ಶೇ. 83, ಬರೆದವರಿಗೆ ಶೇ. 71. ಒಂದು ವಾರದ ನಂತರ ಪರೀಕ್ಷೆ ಇಟ್ಟಾಗ ಓದಿದವರು ಶೇ. 40ಕ್ಕೆ ಕುಸಿದಿದ್ದರು, ಬರೆದವರು ಶೇ. 61ರಲ್ಲಿ ನಿಂತಿದ್ದರು. ನಿಮಗೆ ವಾರದ ನಂತರ ಎಷ್ಟು ನೆನಪಿರುತ್ತದೆ ಎಂದು ಮೊದಲೇ ಕೇಳಿದಾಗ ಅತಿ ಹೆಚ್ಚು ಧೈರ್ಯದಿಂದ ಉತ್ತರಿಸಿದವರು ಬರೀ ಓದಿದ ಗುಂಪಿನವರೇ.

ಈ ಅಂಕಿಗಳನ್ನು ಓದುವಾಗ ಒಂದು ಪ್ರಾಮಾಣಿಕತೆ ಬೇಕು. ಐದು ನಿಮಿಷದ ಪರೀಕ್ಷೆಯಲ್ಲಿ ಗೆದ್ದದ್ದು ಮರುಓದು. ಬೆಳಿಗ್ಗೆ ಹತ್ತೂವರೆಯ ಪರೀಕ್ಷೆಗೆ ಹಾಲ್‌ನ ಬಾಗಿಲಲ್ಲಿ ಪುಸ್ತಕ ತಿರುವುವ ಹುಡುಗಿ ಮೂರ್ಖಳೇನಲ್ಲ. ಆ ದಿನದ ಮಟ್ಟಿಗೆ ಅವಳ ತಂತ್ರ ಫಲಿಸಲೂಬಹುದು. ಅದೇ ಪಾಠ ಮುಂದಿನ ವರ್ಷ ಪಿಯುಸಿಯಲ್ಲಿ, ಆಮೇಲೆ ಸಿಇಟಿಯಲ್ಲಿ ಎದುರಾದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ, ಅಷ್ಟೆ. ಕ್ಯಾಲಿಫೋರ್ನಿಯಾದ ರಾಬರ್ಟ್ ಬ್ಯೋರ್ಕ್ 1990ರ ದಶಕದಲ್ಲೇ ಇದಕ್ಕೊಂದು ವಿವರಣೆ ಕೊಟ್ಟಿದ್ದರು. ಓದುವಾಗ ಸಲೀಸಾಗಿ ಸಾಗಿದರೆ ಬಂದುಬಿಟ್ಟಿತು ಎನಿಸುತ್ತದೆ, ತಡವರಿಸಿದರೆ ಬರಲಿಲ್ಲ ಎನಿಸುತ್ತದೆ. ಆದರೆ ದೀರ್ಘಕಾಲ ಉಳಿಯುವ ಕಲಿಕೆಗೆ ಒಂದಿಷ್ಟು ತಡವರಿಸುವುದೇ ಒಳ್ಳೆಯದು.

ಗಣಿತದಲ್ಲಿ ಇದು ಇನ್ನೂ ಸ್ಪಷ್ಟ. 2007ರಲ್ಲಿ ಫ್ಲೋರಿಡಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್, ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಂಡುಹಿಡಿಯುವುದನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕಲಿಸಿದರು. ಒಂದು ಗುಂಪು ಒಂದೊಂದು ಬಗೆಯ ಲೆಕ್ಕಗಳನ್ನೇ ಒಟ್ಟಿಗೆ ಮಾಡಿತು, ಇನ್ನೊಂದು ಎಲ್ಲವನ್ನೂ ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿಗೆ ಶೇ. 89, ಎರಡನೆಯದಕ್ಕೆ ಶೇ. 60. ವಾರದ ನಂತರ ಮೊದಲ ಗುಂಪು ಶೇ. 20ಕ್ಕೆ ಬಿದ್ದಿತ್ತು, ಎರಡನೆಯದು ಶೇ. 63ರಲ್ಲಿತ್ತು. ಮುಂದೆ ರೋರರ್ ಮತ್ತು ಸಂಗಡಿಗರು ಏಳನೆಯ ತರಗತಿಯ 54 ವಿಭಾಗಗಳಲ್ಲಿ, ಮಾಮೂಲು ಶಾಲೆಗಳಲ್ಲೇ ಇದನ್ನು ಪರೀಕ್ಷಿಸಿದಾಗಲೂ ಕಲಸಿ ಮಾಡಿದವರಿಗೆ ಶೇ. 61, ಉಳಿದವರಿಗೆ ಶೇ. 38.

ಕಾರಣ ನಮ್ಮ ಹತ್ತನೆಯ ತರಗತಿಯ ಪುಸ್ತಕದಲ್ಲೇ ಸಿಗುತ್ತದೆ. ಸಮಾಂತರ ಶ್ರೇಢಿಯ ಅಭ್ಯಾಸದಲ್ಲಿ ಗುತ್ತಿಗೆದಾರನೊಬ್ಬನ ಲೆಕ್ಕವಿದೆ. ಕೆಲಸ ತಡವಾದರೆ ಮೊದಲ ದಿನಕ್ಕೆ 200 ರೂಪಾಯಿ ದಂಡ, ಎರಡನೆಯ ದಿನಕ್ಕೆ 250, ಮೂರನೆಯ ದಿನಕ್ಕೆ 300, ಹೀಗೆ ಏರುತ್ತ ಹೋದರೆ 30 ದಿನಕ್ಕೆ ಒಟ್ಟು ಎಷ್ಟು? ಆ ಅಭ್ಯಾಸದಲ್ಲಿರುವುದೆಲ್ಲ ಶ್ರೇಢಿಯ ಮೊತ್ತದ ಲೆಕ್ಕಗಳೇ ಆದ್ದರಿಂದ ಹುಡುಗ ಪ್ರಶ್ನೆಯನ್ನು ಪೂರ್ತಿ ಓದುವುದೂ ಇಲ್ಲ. ಸೂತ್ರಕ್ಕೆ ಬೆಲೆಗಳನ್ನು ಹಾಕಿ 27,750 ಎಂದು ಬರೆದು ಮುಂದಕ್ಕೆ ಹೋಗುತ್ತಾನೆ. ಇದು ಶ್ರೇಢಿಯ ಲೆಕ್ಕ ಎಂದು ಗುರುತಿಸುವ ಕೆಲಸವನ್ನು ಅಧ್ಯಾಯದ ಹೆಸರೇ ಮಾಡಿಕೊಟ್ಟಿದೆ. ಪಬ್ಲಿಕ್ ಪರೀಕ್ಷೆಯಲ್ಲಿ ಅಧ್ಯಾಯದ ಹೆಸರು ಅಚ್ಚಾಗಿರುವುದಿಲ್ಲ. ‘ಸೂತ್ರ ಎಲ್ಲಾ ಗೊತ್ತಿತ್ತು ಸಾರ್, ಯಾವುದು ಹಾಕ್ಬೇಕು ಅಂತ ಹೊಳೀಲಿಲ್ಲ’ ಎಂಬ ಅಳಲಿನ ಮೂಲ ಇಲ್ಲಿದೆ.

ಈ ನಡುವೆ ಬಿಡುವಿನ ಓದು ಯಂತ್ರಕ್ಕೂ ಏರಿತ್ತು. 1970ರ ದಶಕದಲ್ಲಿ ಜರ್ಮನ್ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ ಚೀಟಿಗಳ ಪೆಟ್ಟಿಗೆಯೊಂದನ್ನು ಜನಪ್ರಿಯಗೊಳಿಸಿದರು. ಸರಿಯಾಗಿ ನೆನಪಾದ ಚೀಟಿ ಹಿಂಬದಿಯ ಖಾನೆಗೆ ಹೋಗಿ ತಡವಾಗಿ ಮರಳುತ್ತದೆ, ತಪ್ಪಿದ ಚೀಟಿ ಮೊದಲ ಖಾನೆಗೇ ಬಂದು ನಾಳೆ ಮತ್ತೆ ಕಾಡುತ್ತದೆ. 1987ರಲ್ಲಿ ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ ‘ಸೂಪರ್‌ಮೆಮೊ’ ತಂತ್ರಾಂಶ ಬರೆದರು, 2006ರಲ್ಲಿ ‘ಆಂಕಿ’ ಬಂತು. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳ ಫೋನುಗಳಲ್ಲಿ ಇಂದು ಆಂಕಿ ಕಾಣಸಿಗುತ್ತದೆ. ಹಳ್ಳಿಯ ಪ್ರೌಢಶಾಲೆಯ ಹುಡುಗಿಗೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳೂ ಸಾಕು.

2013ರಲ್ಲಿ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು ಹತ್ತು ಬಗೆಯ ಓದಿನ ವಿಧಾನಗಳನ್ನು ಸಾಲಾಗಿ ನಿಲ್ಲಿಸಿ ಸಾಕ್ಷ್ಯದ ಮೇಲೆ ದರ್ಜೆ ಕೊಟ್ಟರು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ದಿನಗಳಿಗೆ ಹಂಚಿ ಓದುವುದು. ಹೈಲೈಟರ್ ಹಚ್ಚುವುದು, ಮರುಓದು, ಸಾರಾಂಶ ಬರೆಯುವುದು ಕೆಳಗಿನ ದರ್ಜೆಗೆ ಹೋದವು. ‘ನೋಡಿ ಕಲಿಯುವವರು, ಕೇಳಿ ಕಲಿಯುವವರು’ ಎಂದು ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಬೇಕೆಂಬ ಜನಪ್ರಿಯ ನಂಬಿಕೆಗೆ ತಕ್ಕ ಆಧಾರವಿಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ತಂಡ 2008ರಲ್ಲೇ ಹೇಳಿತ್ತು. ತರಬೇತಿ ಶಿಬಿರಗಳಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ. ಕ್ಷೇತ್ರವೂ ಎಡವಿದ್ದಿದೆ. ಲ್ಯಾಪ್‌ಟಾಪಿಗಿಂತ ಕೈಬರಹದ ಟಿಪ್ಪಣಿ ಮೇಲು ಎಂಬ 2014ರ ಪ್ರಸಿದ್ಧ ಫಲಿತಾಂಶ, ಬೇರೆಯವರು ಮಾಡಿ ನೋಡಿದಾಗ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಮೇಲಾಗಿ ಈ ಪ್ರಯೋಗಗಳಲ್ಲಿ ಬಹುಪಾಲು ಅಮೆರಿಕದ ಕಾಲೇಜು ಹುಡುಗರ ಮೇಲೆ ನಡೆದವು. ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಆಡಿ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ವಿಜ್ಞಾನ ಓದುವ ಮಗುವಿಗೆ ನೆನಪಿಗಿಂತ ಮೊದಲು ಅರ್ಥದ ಅಡಚಣೆ ಇರುತ್ತದೆ, ಅದನ್ನು ಯಾವ ಚೀಟಿಯೂ ಬಿಡಿಸದು.

ಈಗ ಸಂಶೋಧಕರ ಗಮನ ಹರಿದಿರುವುದು ಬೇರೊಂದು ಕಡೆಗೆ. 2009ರಲ್ಲಿ ಕಾರ್ಪಿಕಿ ಮತ್ತು ಸಂಗಡಿಗರು ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದ 177 ವಿದ್ಯಾರ್ಥಿಗಳನ್ನು ಹೇಗೆ ಓದುತ್ತೀರಿ ಎಂದು ಕೇಳಿದರು. ಮರುಓದು ಎಂದವರು ಶೇ. 84, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತೇವೆ ಎಂದವರು ಶೇ. 11. ವಿಧಾನ ಗೊತ್ತಾದರೆ ಸಾಲದು, ಅದನ್ನು ನಂಬಬೇಕು, ಪಟ್ಟು ಹಿಡಿಯಬೇಕು, ವೇಳಾಪಟ್ಟಿಗೆ ಇಳಿಸಬೇಕು ಎಂದು ಮಾರ್ಕ್ ಮ್ಯಾಕ್‌ಡೇನಿಯಲ್ ಮತ್ತು ಗಿಲ್ಸ್ ಐನ್‌ಸ್ಟೈನ್ 2020ರಲ್ಲಿ ಬರೆದದ್ದು ಈ ಹಿನ್ನೆಲೆಯಲ್ಲೇ. ನಮ್ಮ ಶಾಲೆಗಳಲ್ಲಿ ಇದಕ್ಕೆ ಬೇಕಾದ ವ್ಯವಸ್ಥೆ ಕಾಗದದ ಮೇಲೆ ಈಗಾಗಲೇ ಇದೆ: ವರ್ಷವಿಡೀ ರೂಪಣಾತ್ಮಕ ಪರೀಕ್ಷೆಗಳು, ಫೆಬ್ರುವರಿ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆ, ಎಸ್ಸೆಸ್ಸೆಲ್ಸಿಯಲ್ಲೂ ಪಿಯುಸಿಯಲ್ಲೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು. ಆದರೆ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಮಗುವೂ ಪೋಷಕರೂ ಮೊದಲು ಹುಡುಕುವುದು ಒಟ್ಟು ಅಂಕ. ತಪ್ಪಾದ ಐದು ಪ್ರಶ್ನೆಗಳನ್ನು ಮೂರು ದಿನ ಬಿಟ್ಟು, ಪುಸ್ತಕ ಮುಚ್ಚಿ ಮತ್ತೆ ಬರೆಸಲು ಮುಂದಿನ ವಾರದ ವೇಳಾಪಟ್ಟಿಯಲ್ಲಿ ಪಿರಿಯಡ್ ಇದೆಯೇ ಎಂದು ಯಾವುದಾದರೂ ಶಾಲೆಯಲ್ಲಿ ಕೇಳಿ ನೋಡಬಹುದು.