ಬೈಕ್ ಬೂಟು ಕಚ್ಚುತ್ತಿದೆಯೇ?

ಹೊಸ ಬೂಟು ಕಚ್ಚಿತೆಂದು ಅದನ್ನು ಮೂಲೆಗೆಸೆದು ಚಪ್ಪಲಿಯಲ್ಲೇ ಬೈಕ್ ಏರುವವರು ಕಡಿಮೆಯಿಲ್ಲ. ಆದರೆ ಬೈಕ್ ಮಗುಚಿದಾಗ ಅದರಡಿ ಸಿಲುಕುವುದು ಸಾಮಾನ್ಯವಾಗಿ ಕಾಲೇ.

ಚರ್ಮವು ಅಗಲಕ್ಕೆ ತುಸು ಹಿಗ್ಗುತ್ತದೆಯೇ ಹೊರತು ಉದ್ದಕ್ಕೆ ಹಿಗ್ಗದು. ಬೆರಳ ತುದಿ ಮುಂದೆ ತಾಗುತ್ತಿದ್ದರೆ ಬೂಟನ್ನು ಬದಲಿಸುವುದೊಂದೇ ದಾರಿ. ಸಂಜೆಯ ವೇಳೆಗೆ ಪಾದಗಳು ತುಸು ಊದಿಕೊಳ್ಳುವುದರಿಂದ ಅಂಗಡಿಗೆ ಆ ಹೊತ್ತಿನಲ್ಲೇ ಹೋಗುವುದು ಒಳಿತು.

ಪಕ್ಕಗಳಲ್ಲಿ ಬಿಗಿಯಿದ್ದರೆ ದಪ್ಪ ಕಾಲುಚೀಲದೊಂದಿಗೆ ದಿನಕ್ಕೆ ಅರ್ಧ ಗಂಟೆ ಮನೆಯಲ್ಲೇ ತೊಟ್ಟು ಓಡಾಡಬೇಕು. ಒಂದೇ ಕಡೆ ಒತ್ತುತ್ತಿದ್ದರೆ ಪಾದರಕ್ಷೆ ದುರಸ್ತಿ ಮಾಡುವವರು ಅಚ್ಚಿಗೆ ಏರಿಸಿ ಹಿಗ್ಗಿಸಿಕೊಡಬಲ್ಲರು. ಬೆರಳು, ಹಿಮ್ಮಡಿಗಳ ಗಟ್ಟಿ ಕವಚ ಮಾತ್ರ ಇದಕ್ಕೆ ಜಗ್ಗದು. ನೀರು ತಡೆಯುವ ಒಳಪದರವಿದ್ದರೆ ಅದು ಹರಿಯುವ ಅಪಾಯವೂ ಉಂಟು. ಒಲೆ, ಹೇರ್ ಡ್ರೈಯರ್‌ಗಳ ಶಾಖ ಬೇಡವೇ ಬೇಡ. ಚರ್ಮ ಒಣಗಿ ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ.

ಎಷ್ಟೋ ಬಾರಿ ತಪ್ಪು ಬೂಟಿನದಲ್ಲ, ಗೇರ್ ಲಿವರಿನದು. ದಪ್ಪ ಬೂಟಿನ ಮೂತಿ ಅದರಡಿ ಸಲೀಸಾಗಿ ತೂರದೆ ಕಣಕಾಲು ತಿರುಚಿ ನೋಯುತ್ತದೆ. ಮೆಕ್ಯಾನಿಕ್ ಬಳಿ ಲಿವರನ್ನು ತುಸು ಮೇಲಕ್ಕೆ ಹೊಂದಿಸಿಕೊಂಡರೆ ಆಯಿತು.

ಸವಾರಿಯಲ್ಲಿ ಬೆರಳು ಜೋಮು ಹಿಡಿದರೆ ಗಾಡಿ ನಿಲ್ಲಿಸಿ ಬಕಲ್ ಸಡಿಲಿಸಬೇಕು. ಮಧುಮೇಹಿಗಳು ಗುಳ್ಳೆ ಎದ್ದಿದೆಯೇ ಎಂದು ಪ್ರತಿದಿನ ಪಾದ ಪರೀಕ್ಷಿಸಿಕೊಳ್ಳತಕ್ಕದ್ದು.