ಒಡ್ಡು ಕಲಿಸಿದ ಪಾಠ

ಗಜೇಂದ್ರಗಡ ತಾಲೂಕಿನ ರಾಜೂರದಿಂದ ರೋಣ, ನರಗುಂದಗಳವರೆಗೆ ಹಬ್ಬಿರುವ ಸೀಮೆಯ ರೈತನಿಗೆ ಎರೆ ಬೇರೆ, ಮಸಾರಿ ಬೇರೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಹಿಂಗಾರಿಗೆಂದು ಬಿಟ್ಟ ಎರೆ ಹೊಲವು ಮಳೆಯ ಹಸಿಯನ್ನು ಒಡಲಲ್ಲಿ ಹಿಡಿದಿಟ್ಟು ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬೆಳೆಸುತ್ತದೆ. ಆದರೆ ಬಿತ್ತುವ ಮುನ್ನ ಬರಿದಾಗಿರುವ ಆ ಹೊಲದ ಮೇಲೆ ದೊಡ್ಡ ಮಳೆ ಸುರಿದರೆ ನೀರಿನೊಡನೆ ಮೇಲ್ಮಣ್ಣೂ ಹರಿದುಹೋಗುತ್ತದೆ. ಈ ನಷ್ಟ ಆ ವರ್ಷದ ಜಮಾ-ಖರ್ಚಿನಲ್ಲಿ ಕಾಣುವುದಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಕಾಣುತ್ತದೆ.

1876–78ರ ಘೋರ ಕ್ಷಾಮವು ಈ ಒಣಭೂಮಿಯ ಜೀವನ ಎಷ್ಟು ಅಸ್ಥಿರವೆಂಬುದನ್ನು ತೋರಿಸಿತ್ತು. ಆದರೂ ವ್ಯವಸ್ಥಿತ ಸಂಶೋಧನೆ ಬಂದದ್ದು ತಡವಾಗಿ. 1929ರಲ್ಲಿ ಕೃಷಿ ಸಂಶೋಧನೆಗೆ ಅಖಿಲ ಭಾರತ ಮಟ್ಟದ ಪರಿಷತ್ತು ಸ್ಥಾಪನೆಯಾಯಿತು. ಅದರ ನೆರವಿನಿಂದ 1933ರಲ್ಲಿ ಇಂದಿನ ವಿಜಯಪುರ ಹಾಗೂ ಸೊಲ್ಲಾಪುರಗಳಲ್ಲಿ ಒಣಬೇಸಾಯದ ಪ್ರಯೋಗಗಳು ಆರಂಭವಾದವು. ರೋಣ ತಾಲೂಕು ಆಗ ಅದೇ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಸಮಪಾತಳಿಯ ಒಡ್ಡು, ಕೆಲವು ವರ್ಷಗಳಿಗೊಮ್ಮೆ ಆಳವಾದ ಉಳುಮೆ, ಕೊಟ್ಟಿಗೆ ಗೊಬ್ಬರ, ಸಾಲುಗಳ ನಡುವೆ ಹೆಚ್ಚು ಅಂತರ, ಕಡಿಮೆ ಬೀಜ, ಮೇಲಿಂದ ಮೇಲೆ ಎಡೆ ಹೊಡೆಯುವುದು – ಇವೆಲ್ಲ ಸೇರಿ ‘ಮುಂಬಯಿ ಒಣಬೇಸಾಯ ಪದ್ಧತಿ’ಯೆಂದು ಹೆಸರಾದವು. 1942ರ ಭೂಸುಧಾರಣಾ ಯೋಜನೆಗಳ ಕಾಯದೆಯು ಒಡ್ಡು ಹಾಕುವ ಕಾರ್ಯಕ್ಕೆ ಸರಕಾರದ ಬಲವನ್ನು ಒದಗಿಸಿತು.

ಈ ಇತಿಹಾಸದ ನಿಜವಾದ ಪಾಠವಿರುವುದು ಇಲ್ಲಿಂದ ಮುಂದೆ. ಹಗುರ ಮಣ್ಣಿನಲ್ಲಿ ಉಪಕಾರ ಮಾಡಿದ ಒಡ್ಡು ಆಳವಾದ ಎರೆಯಲ್ಲಿ ತೊಂದರೆ ತಂದಿತು. ಎರೆಮಣ್ಣು ನೀರನ್ನು ಬಹು ನಿಧಾನವಾಗಿ ಹೀರುತ್ತದೆ. ಆದ್ದರಿಂದ ಒಡ್ಡಿನ ಮಗ್ಗುಲಲ್ಲಿ ನೀರು ನಿಂತು ಪೈರು ಕೆಡುತ್ತಿತ್ತು. ಬೇಸಿಗೆಯಲ್ಲಿ ಬಿರುಕುಬಿಟ್ಟ ಒಡ್ಡು ಮಳೆಗೆ ಒಡೆದರೆ ಕೆಳಗಿನ ಹೊಲದವನ ಮಣ್ಣು ಕೊಚ್ಚಿಹೋಗುತ್ತಿತ್ತು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೂ ನೆರೆಯವನಿಗೆ ಹಾನಿಯಾಯಿತು.

ಸಂಶೋಧನೆ ಇದನ್ನು ಮುಚ್ಚಿಡಲಿಲ್ಲ. 1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಮಣ್ಣು-ನೀರು ಸಂರಕ್ಷಣಾ ಕೇಂದ್ರವೂ, 1970ರ ಅಖಿಲ ಭಾರತ ಒಣಬೇಸಾಯ ಯೋಜನೆಗೆ ಸೇರಿದ ವಿಜಯಪುರದ ಕೇಂದ್ರವೂ ಎರೆಭೂಮಿಯ ಸ್ವಭಾವವನ್ನು ಅಳೆದು ನೋಡಿದವು. ಆಳವಾದ ಎರೆಗೆ ತುಸು ಇಳಿಜಾರಿನ ಒಡ್ಡು ಹಾಗೂ ಹೆಚ್ಚಿನ ನೀರಿಗೆ ಭದ್ರವಾದ ಹೊರದಾರಿ. ಮಧ್ಯಮ ಆಳದ ಎರೆಗೆ ಬಿತ್ತನೆಗೆ ಮುಂಚೆ ಸಣ್ಣ ಬದುಗಳಿಂದ ಕಟ್ಟುವ ಚೌಕುಮಡಿ. ನೀರು ಬೇಗ ಇಂಗುವ ಹಗುರ ನೆಲಕ್ಕೆ ಸಮಪಾತಳಿಯ ಒಡ್ಡು – ಹೀಗೆ ಮಣ್ಣಿಗೆ ತಕ್ಕ ಉಪಾಯವು ನಿಶ್ಚಿತವಾಯಿತು.

‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತನ್ನು ಜಗತ್ತಿನಲ್ಲಿ ಜನಪ್ರಿಯಗೊಳಿಸಿದ್ದು 1987ರ ಬ್ರಂಟ್‌ಲ್ಯಾಂಡ್ ಆಯೋಗದ ವರದಿ. ಮುಂದಿನ ಪೀಳಿಗೆಯ ಪಾಲನ್ನು ಕಸಿಯದೆ ಇಂದಿನ ಅಗತ್ಯವನ್ನು ಪೂರೈಸಿಕೊಳ್ಳುವುದೇ ಅದರ ತಾತ್ಪರ್ಯ. ಈ ವಿವೇಕಕ್ಕೆ ಸದಿಚ್ಛೆಯೊಂದೇ ಸಾಲದು. ತನ್ನ ಕಾರ್ಯದ ಫಲವನ್ನು ತಾನೇ ಪರೀಕ್ಷಿಸಿ ತಿದ್ದಿಕೊಳ್ಳುವ ವಿನಯವೂ ಬೇಕು. ದಯೆಗೆ ಜ್ಞಾನದ ಜೊತೆ ಇರಬೇಕೆಂಬುದು ಧರ್ಮದ ಮಾತಷ್ಟೇ ಅಲ್ಲ, ಹೊಲದ ಮಾತೂ ಹೌದು.

ಸ್ವಂತ ಭೂಮಿಯುಳ್ಳ ಕುಟುಂಬಗಳೂ ಬಸದಿಗಳ ವಿಶ್ವಸ್ತ ಮಂಡಳಿಗಳೂ ಒಡ್ಡಿಗೋ ಕೃಷಿಹೊಂಡಕ್ಕೋ ಹಣ ತೆಗೆದಿಡುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯೋಗ್ಯ: ಈ ಮಣ್ಣಿನ ಆಳವೆಷ್ಟು? ಇಲ್ಲಿಂದ ಹೊರಬೀಳುವ ನೀರು ಯಾರ ಹೊಲವನ್ನು ಸೇರುತ್ತದೆ?